ಡಸ್ಟರ್‌ಗೆ ಹೊಸ ಟೈರು: ಮಖೆ ಮಳೆಯಿಂದ ಕಾಫಿ ಕೊಯ್ಲಿನವರೆಗಿನ ಟಿಪ್ಪಣಿ

ಮಖೆ ಮಳೆ, ಆಗಸ್ಟ್ 2025ರ ಕೊನೆಯ ವಾರ

ನಮ್ಮ ಹಳೆಯ ಡಸ್ಟರ್ ಕಾರಿನ ನಾಲ್ಕೂ ಟೈರುಗಳನ್ನು ಈ ವರ್ಷ ಬದಲಿಸಲೇಬೇಕೆಂದು ತೀರ್ಮಾನಿಸಿ, ಕೆಲಸವನ್ನು ಅಳತೆಯಿಂದ ಆರಂಭಿಸಿದ್ದೇನೆ. ಮುಂದಿನ ಎಡ ಟೈರಿನ ಕಾಲುವೆಗಳಲ್ಲಿ ಸಿಕ್ಕಿಕೊಂಡಿದ್ದ ಜಲ್ಲಿಚೂರುಗಳನ್ನು ಸ್ಕ್ರೂಡ್ರೈವರ್ ಮೊನೆಯಿಂದ ಮೀಟಿ ತೆಗೆದ ಮೇಲೆ ಗೇಜಿನ ಕಡ್ಡಿ ತಳ ಮುಟ್ಟಿತು. ನಡುವಿನ ಕಾಲುವೆಯಲ್ಲಿ 3.2 ಮಿ.ಮೀ., ಹೊರ ಅಂಚಿನಲ್ಲಿ 2.3 ಮಿ.ಮೀ. ಆಳ ಉಳಿದಿದೆ. ಹಿಂದಿನ ಎರಡು ಟೈರುಗಳಲ್ಲಿ ಎಲ್ಲೆಡೆ ಸಮನಾಗಿ 4.5 ಮಿ.ಮೀ. ಇದೆ. ಒಳ ಅಂಚು ಮಾತ್ರ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಿಕೆ) ತಪ್ಪಿರುವುದನ್ನೂ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾದದ್ದನ್ನೂ, ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾದದ್ದನ್ನೂ ಶಂಕಿಸಬೇಕಾಗುತ್ತದೆ. ಇಲ್ಲಿ ಮುಂದಿನ ಎರಡೂ ಟೈರುಗಳ ಹೊರ ಅಂಚು ಸವೆದಿರುವುದಕ್ಕೆ ಮುಖ್ಯ ಕಾರಣ ತಿರುವುಗಳೇ. ಆಲ್ದೂರಿನ ಕಡೆ ಮನೆಯಿದ್ದು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಅಭ್ಯಾಸವಿರುವವರ ಮುಂಚಕ್ರಗಳು ಹೀಗೆ ಸವೆಯದಿದ್ದರೇ ಆಶ್ಚರ್ಯ.

ಕಾರುಗಳ ಟೈರಿಗೆ ಕಾನೂನು ಹೇಳುವ ಕನಿಷ್ಠ ಆಳ 1.6 ಮಿ.ಮೀ. ಕಾಲುವೆಯ ತಳದಲ್ಲಿ ಅಡ್ಡಲಾಗಿರುವ ಸಣ್ಣ ಉಬ್ಬುಗಳು ಈ ಮಟ್ಟವನ್ನೇ ತೋರಿಸುತ್ತವೆ. ರಬ್ಬರು ಸವೆದು ಆ ಉಬ್ಬಿಗೆ ಸಮನಾದರೆ ಟೈರಿನ ಆಯುಸ್ಸು ಮುಗಿಯಿತೆಂದು ಲೆಕ್ಕ. ಆ ಲೆಕ್ಕದಲ್ಲಿ ನನ್ನ ಟೈರುಗಳಿಗೆ ಇನ್ನೂ ಸ್ವಲ್ಪ ಕಾಲವಿದೆ. ಆದರೆ ಆಳ 3 ಮಿ.ಮೀ.ಗಿಂತ ಕೆಳಗಿಳಿದ ಮೇಲೆ ಒದ್ದೆ ರಸ್ತೆಯಲ್ಲಿ ಬ್ರೇಕಿನ ದೂರ ಬೇಗ ಬೇಗ ಹೆಚ್ಚುತ್ತದೆ, ಏಕೆಂದರೆ ನೀರು ಹೊರಗೆ ಹೋಗುವ ದಾರಿಯೇ ಕಿರಿದಾಗುತ್ತದೆ. ವರ್ಷದ ನಾಲ್ಕೈದು ತಿಂಗಳು ರಸ್ತೆ ಒಣಗದ ಊರಿನಲ್ಲಿ 1.6ರವರೆಗೆ ಕಾಯುವುದು ಉಳಿತಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ವಯಸ್ಸನ್ನೂ ನೋಡಿದೆ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲಿನ ಅಂಡಾಕಾರದ ಚೌಕಟ್ಟಿನಲ್ಲಿ 3219 ಎಂದಿದೆ. ಅಂದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಕಾಲುವೆಯ ತಳದಲ್ಲಿ ಕೂದಲೆಳೆಯ ಬಿರುಕುಗಳು ಬಾಯಿ ಬಿಡುತ್ತವೆ. ಸ್ಟೆಪ್ನಿಯಂತೂ ಗಾಡಿಯ ಜೊತೆಗೇ ಬಂದದ್ದು. ಅದರ ಗುಂಡಿಗಳು, ಅಂದರೆ ಕಾಲುವೆಗಳ ನಡುವೆ ಎದ್ದು ನಿಂತು ನೆಲಕ್ಕೆ ತಾಗುವ ರಬ್ಬರಿನ ತುಂಡುಗಳು, ಹೊಸದರಂತೆಯೇ ಇವೆ, ರಬ್ಬರು ಮಾತ್ರ ಕಲ್ಲಾಗಿದೆ.

ಹುಬ್ಬೆ ಮಳೆ, ಸೆಪ್ಟೆಂಬರ್ ಮೊದಲ ವಾರ

ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿ ಟೈರುಗಳ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಿದೆ; ಜಾರಿಗೆ ಬರುವುದು 22ರಿಂದ. ತೆರಿಗೆಗೆ ಮೊದಲಿನ ಬೆಲೆ ನೂರು ರೂಪಾಯಿ ಎಂದಿಟ್ಟುಕೊಂಡರೆ 128 ಕೊಡುತ್ತಿದ್ದವರು 118 ಕೊಡುತ್ತಾರೆ, ಅಂದರೆ ಕೊಳ್ಳುವವನಿಗೆ ಸಿಗುವ ಇಳಿಕೆ ಶೇ. 10 ಅಲ್ಲ, ಸುಮಾರು 7.8. ನಾಲ್ಕು ಟೈರಿನ ಮೊತ್ತದಲ್ಲಿ ಇದು ಸಣ್ಣದೇನಲ್ಲ. ಆದ್ದರಿಂದ ಅಲ್ಲಿಯವರೆಗೆ ಘಾಟಿ ಇಳಿಯುವುದನ್ನು ಬಿಟ್ಟು, ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿಸದೆ, ನಿಧಾನವಾಗಿ ಓಡಿಸಿಕೊಂಡು ಆಯ್ಕೆಯ ಕೆಲಸ ಮುಗಿಸಿಕೊಳ್ಳುವುದೆಂದು ನಿರ್ಧರಿಸಿದೆ. ಗುಂಡಿ ಹೆಚ್ಚು ಉಳಿದಿರುವ ಟೈರುಗಳು ಹಿಂದೆಯೇ ಇರಲಿ ಎಂದದ್ದಕ್ಕೆ ಕಾರಣವಿದೆ. ಒದ್ದೆ ತಿರುವಿನಲ್ಲಿ ಮುಂಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ಮರಳುತ್ತದೆ. ಹಿಂಚಕ್ರ ಜಾರಿದರೆ ಗಾಡಿ ತಿರುಗಿಯೇ ಬಿಡುತ್ತದೆ.

ಆಯ್ಕೆಗೆ ಇಳಿದಾಗ ಮೊದಲು ಎದುರಾದದ್ದು ‘ಆಲ್ ಸೀಸನ್’ ಎಂಬ ಹಣೆಪಟ್ಟಿ. ಯುರೋಪಿನಲ್ಲಿ ಇದಕ್ಕೆ ಖಚಿತವಾದ ಹಿನ್ನೆಲೆಯಿದೆ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಾಗ ಬೇಸಿಗೆಯ ಟೈರಿನ ರಬ್ಬರು ಗಡುಸಾಗುವುದರಿಂದ, ಚಳಿಯಲ್ಲೂ ಮೃದುವಾಗಿ ಉಳಿದು ಹಿಮದ ಪರೀಕ್ಷೆಯಲ್ಲೂ ತೇರ್ಗಡೆಯಾಗುವ ಟೈರು ಅಲ್ಲಿ ಬೇಕು. ಹಾಗೆ ತೇರ್ಗಡೆಯಾದ ಟೈರಿನ ಮೇಲೆ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿಹ್ನೆ ಇರುತ್ತದೆ. ‘ಎಂ ಪ್ಲಸ್ ಎಸ್’ (ಮಡ್ ಪ್ಲಸ್ ಸ್ನೋ, ಕೆಸರು ಮತ್ತು ಹಿಮ) ಎಂಬ ಅಕ್ಷರಗಳಿಗೆ ಅಂಥ ಪರೀಕ್ಷೆಯ ಹಂಗಿಲ್ಲ. ಗುಂಡಿಗಳ ವಿನ್ಯಾಸ ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು ಅದು. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎತ್ತರದಲ್ಲಿದ್ದರೂ ಅಲ್ಲಿಗೆ ಹೋಗುವವರಿಗೆ ಮಂಜು ಸಿಗುತ್ತದೆಯೇ ಹೊರತು ಹಿಮ ಸಿಗುವುದಿಲ್ಲ. ಹಿಮಕ್ಕೆಂದು ಮೃದು ಮಾಡಿದ ರಬ್ಬರನ್ನು ಕಡೂರಿನ ಏಪ್ರಿಲ್ ಬಿಸಿಲಿನಲ್ಲಿ ಸವೆಸುವುದಕ್ಕೆ ದುಡ್ಡು ಕೊಡುವುದು ಅನಗತ್ಯ. ಆದ್ದರಿಂದ ನಮಗೆ ಬೇಕಾದ ಸರ್ವಋತು ಟೈರಿನ ಗುಣವನ್ನು ನಮ್ಮ ಋತುಗಳಿಂದಲೇ ತೀರ್ಮಾನಿಸಬೇಕು: ಮಾರ್ಚ್‌ನ ಹೂಮಳೆಗೆ ಧೂಳು, ಎಣ್ಣೆ ಎದ್ದು ಜಾರುವ ಡಾಂಬರು, ಆರಿದ್ರೆಯಿಂದ ಹಸ್ತದವರೆಗೆ ಪಾಚಿಗಟ್ಟುವ ಘಾಟಿ, ಕೊಯ್ಲಿನ ಕಾಲಕ್ಕೆ ಭಾರ ಹೊತ್ತು ಏರುವ ತೋಟದ ದಾರಿ, ಬೇಸಿಗೆಯಲ್ಲಿ ಬೆಂಗಳೂರಿನ ಹೆದ್ದಾರಿ.

ಹುಬ್ಬೆ ಮಳೆಯ ಕೊನೆ

ಸಕಲೇಶಪುರದ ಭಾವ ಬಂದಿದ್ದರು. ಅವರದು ಎಟಿ ಪಕ್ಷ, ಅಂದರೆ ಎಲ್ಲ ಬಗೆಯ ನೆಲಕ್ಕೆಂದು ಮಾಡಿದ ಆಲ್ ಟೆರೇನ್ ಟೈರಿನ ಪಕ್ಷ. “ಮಲೆನಾಡಲ್ಲಿದ್ದು ಡಾಂಬರಿನ ಟೈರು ಹಾಕಿಸ್ತೀಯಲ್ಲೋ, ತೋಟಕ್ಕೆ ಹೋಗೋದು ಹೆಂಗೆ?” ಎಂಬ ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಗೇಟಿನಿಂದ ಮನೆಗೆ ಕೆಂಪು ಮಣ್ಣಿನ ಏರು ಇದೆ, ಮಳೆಗಾಲದಲ್ಲಿ ಅದರಲ್ಲಿ ಮುಂಚಕ್ರಗಳಿಗಷ್ಟೇ ಎಂಜಿನ್ ಬಲ ಹೋಗುವ ನಮ್ಮ ಗಾಡಿ ಪರದಾಡುತ್ತದೆ. ಭಾವ ಇನ್ನೊಂದು ಹೆಜ್ಜೆ ಮುಂದೆ ಹೋಗಿ 215/65 ಆರ್ 16ರ (ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 65, ರಿಮ್ಮು 16 ಇಂಚು) ಬದಲು 215/70 ಹಾಕಿಸು, ಗಾಡಿ ಎತ್ತರವಾಗುತ್ತದೆ ಎಂದರು. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಈಗಿನ ಟೈರಿನ ವ್ಯಾಸ ಸುಮಾರು 686 ಮಿ.ಮೀ., ಅವರು ಹೇಳಿದ್ದರದ್ದು ಸುಮಾರು 707. ವ್ಯತ್ಯಾಸದ ಅರ್ಧ ಮಾತ್ರ ನೆಲದಿಂದ ಎತ್ತರವಾಗಿ ಸಿಗುವುದರಿಂದ ದಕ್ಕುವುದು ಒಂದು ಸೆಂಟಿಮೀಟರ್; 205 ಮಿ.ಮೀ. ಎತ್ತರ ಮೊದಲೇ ಇರುವ ಗಾಡಿಗೆ ಅದು ದೊಡ್ಡ ಲಾಭವಲ್ಲ. ಪ್ರತಿಯಾಗಿ ಮೀಟರಿನಲ್ಲಿ ವೇಗ ಶೇ. 3ರಷ್ಟು ಕಡಿಮೆ ತೋರಿಸುತ್ತದೆ, ಏರಿನಲ್ಲಿ ಮೊದಲ ಗೇರು ಅಷ್ಟೇ ಭಾರವಾಗುತ್ತದೆ, ಕ್ಲಚ್ಚಿಗೆ ಕೆಲಸ ಹೆಚ್ಚುತ್ತದೆ. ಅಳತೆಯ ವಿಚಾರವನ್ನು ಭಾವ ಬಿಟ್ಟುಕೊಟ್ಟರು, ಎಟಿಯನ್ನು ಬಿಡಲಿಲ್ಲ.

ಎಟಿ ಟೈರಿನಲ್ಲಿ ಗುಂಡಿಗಳು ದೊಡ್ಡವು, ನಡುವಿನ ಸಂದುಗಳು ಅಗಲ. ಜಲ್ಲಿ, ಸಡಿಲ ಮಣ್ಣು, ಹುಲ್ಲಿನ ಮೇಲೆ ಅದು ಚೆನ್ನಾಗಿ ಕಚ್ಚುತ್ತದೆ, ಸೈಡ್‌ವಾಲ್ ಕೂಡ ಸಾಮಾನ್ಯವಾಗಿ ಗಟ್ಟಿ. ಆದರೆ ಅಗಲವಾದ ಸಂದು ಎಂದರೆ ಡಾಂಬರಿಗೆ ತಾಗುವ ರಬ್ಬರು ಕಡಿಮೆ ಎಂದೂ ಅರ್ಥ. ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡುವುದು ಗುಂಡಿಗಳ ಮೇಲೆ ಬ್ಲೇಡಿನಿಂದ ಕೊಯ್ದಂತಿರುವ ಸಣ್ಣ ಸೀಳುಗಳು ಮತ್ತು ಸಿಲಿಕಾ ಬೆರೆಸಿದ ರಬ್ಬರು. ಇವೆರಡರಲ್ಲೂ ಹೆದ್ದಾರಿಗೆಂದು ಮಾಡಿದ ಎಚ್‌ಟಿ ಟೈರುಗಳು ಮುಂದಿರುತ್ತವೆ. ಇನ್ನು ನಮ್ಮ ಏರಿನ ಮಣ್ಣು ಜೇಡಿ. ಜೇಡಿಯಲ್ಲಿ ಎರಡು ಸುತ್ತು ತಿರುಗಿದ ಎಟಿ ಟೈರಿನ ಸಂದುಗಳೂ ತುಂಬಿ, ಅದು ಕೆಂಪು ಬಣ್ಣದ ಬೋಳು ಟೈರೇ ಆಗುತ್ತದೆ. ಅಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಮಣ್ಣನ್ನು ತಾನೇ ಕೊಡವಿಕೊಳ್ಳುವ ಎಂಟಿ (ಮಡ್ ಟೆರೇನ್, ಕೆಸರಿನ) ಟೈರು, ಅದನ್ನು ಹಾಕಿಕೊಂಡು ಊರೆಲ್ಲ ಸದ್ದು ಮಾಡುತ್ತ ಬ್ಯಾಂಕಿಗೆ ಹೋಗುವ ಆಸೆ ನನಗಿಲ್ಲ.

ಉತ್ತರೆ ಮಳೆ, ಸೆಪ್ಟೆಂಬರ್ ಮೂರನೆಯ ವಾರ

ಚಿಕ್ಕಮಗಳೂರಿನಲ್ಲಿ ಟೈರ್ ಅಂಗಡಿಗಳನ್ನು ಸುತ್ತಿದೆ. ತೆರಿಗೆ ಇಳಿಯುವ ದಿನ ಕಾಯುವವರೇ ಹೆಚ್ಚಾಗಿ ಅಂಗಡಿಗಳು ಖಾಲಿಯಿದ್ದುದರಿಂದ ಮಾತನಾಡಲು ಎಲ್ಲರಿಗೂ ಸಮಯವಿತ್ತು. ಒಬ್ಬ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆಯೇ ನನ್ನ ಗೊಂದಲವನ್ನು ಅರ್ಧ ಕಳೆಯಿತು: “ಸರ್, ತಿಂಗಳಿಗೆ ಮಣ್ಣಲ್ಲಿ ಎಷ್ಟು ಓಡ್ಸ್ತೀರಿ, ಟಾರಲ್ಲಿ ಎಷ್ಟು ಓಡ್ಸ್ತೀರಿ, ಅದು ಹೇಳಿ ಫಸ್ಟು.” ಗೇಟಿನಿಂದ ಮನೆಯವರೆಗಿನ ದಾರಿ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಉಳಿದದ್ದೆಲ್ಲ ಡಾಂಬರು.

ಆ ಡಾಂಬರೂ ಒಂದೇ ಬಗೆಯದ್ದಲ್ಲ. ಕೊಟ್ಟಿಗೆಹಾರದಿಂದ ಕೆಳಗೆ ಚಾರ್ಮಾಡಿಯಲ್ಲಿ ವೇಗ ಮೂವತ್ತು ನಲವತ್ತು ದಾಟುವುದಿಲ್ಲ. ಅಲ್ಲಿ ಟೈರು ನೀರಿನ ಮೇಲೆ ತೇಲುವ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ, ತೆಳುವಾದ ನೀರಿನ ಪದರ ಮತ್ತು ಕೊಳೆತ ಎಲೆಯ ಲೋಳೆಯನ್ನು ಭೇದಿಸಿ ಕಚ್ಚುವ ರಬ್ಬರಿನ ಗುಣವೇ ಮುಖ್ಯ. ಹಾಸನ ದಾಟಿ ನೆಲಮಂಗಲದ ಕಡೆಗೆ ಹೋಗುವ ಚತುಷ್ಪಥದಲ್ಲಿ ಹಾಗಲ್ಲ. ವಿಮಾನದ ಟೈರುಗಳ ಮೇಲಿನ ಪ್ರಯೋಗಗಳಿಂದ ಬಂದ ಹಳೆಯ ಸೂತ್ರವೊಂದರ ಪ್ರಕಾರ, 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಯಿರುವ ಟೈರು ನಿಂತ ನೀರಿನ ಮೇಲೆ ಸುಮಾರು 95 ಕಿ.ಮೀ. ವೇಗದಲ್ಲಿ ತೇಲತೊಡಗುತ್ತದೆ. ಕಾರಿನ ಟೈರಿನಲ್ಲಿ ಕಾಲುವೆ ಆಳವಿದ್ದಷ್ಟೂ ಆ ಮಿತಿ ಮೇಲೆ ಹೋಗುತ್ತದೆ, ಬೋಳಾದಷ್ಟೂ ಅಥವಾ ಗಾಳಿ ಇಳಿದಷ್ಟೂ ಕೆಳಗೆ ಬರುತ್ತದೆ. ಹೀಗಾಗಿ ನನಗೆ ಬೇಕಾದದ್ದು ಉದ್ದಕ್ಕೆ ಸಾಗುವ ನಾಲ್ಕು ಅಗಲ ಕಾಲುವೆಗಳು, ಗುಂಡಿಗಳ ತುಂಬ ಸೀಳುಗಳು, ತಿರುವಿಗೆ ಬಗ್ಗದ ಗಟ್ಟಿ ಹೊರ ಅಂಚು.

ಅಂಗಡಿಗಳಲ್ಲಿ ಕಂಡ ಹೆಸರುಗಳು ಎಲ್ಲರಿಗೂ ಗೊತ್ತಿರುವವೇ: ಎಂಆರ್‌ಎಫ್ ವಾಂಡರರ್, ಅಪೊಲೊ ಆಪ್ಟೆರಾ, ಬ್ರಿಜ್‌ಸ್ಟೋನ್ ಡ್ಯೂಲರ್, ಯೊಕೊಹಾಮಾ ಜಿಯೋಲ್ಯಾಂಡರ್, ಜೆಕೆಯ ರೇಂಜರ್. ಜೆಕೆ ಎಂದಾಗ ಮೇಸ್ತ್ರಿ “ನಮ್ಮ ಮೈಸೂರು ವಿಕ್ರಾಂತ್” ಎಂದೇ ಹೇಳಿದರು. 1997ರಲ್ಲಿ ವಿಕ್ರಾಂತ್ ಕೈ ಬದಲಾದರೂ ಹಳಬರ ಬಾಯಲ್ಲಿ ಹೆಸರು ಹೋಗಿಲ್ಲ. ಪ್ರತಿ ಸರಣಿಯಲ್ಲೂ ಒಂದಕ್ಕಿಂತ ಹೆಚ್ಚು ಮಾದರಿಗಳಿರುವುದರಿಂದ ಹೆಸರು ಕೇಳಿ ಕೊಳ್ಳದೆ ಸೈಡ್‌ವಾಲ್ ಓದಿ ಕೊಳ್ಳಬೇಕು. ನಮ್ಮ ಗಾಡಿಗೆ 98 ಎಚ್ ಬೇಕು: ಒಂದು ಟೈರು 750 ಕಿಲೋ ಹೊರುತ್ತದೆ, 210 ಕಿ.ಮೀ. ವೇಗದವರೆಗೆ ತಾಳುತ್ತದೆ ಎಂಬುದು ಅದರ ಅರ್ಥ. ಒಂದು ಅಂಗಡಿಯಲ್ಲಿ 95 ಇರುವುದನ್ನು “ಏನಾಗಲ್ಲ ಸರ್” ಎಂದು ಕೊಡಲು ಬಂದರು. ಅದು 690 ಕಿಲೋದ್ದು. ಕಾಫಿ ಮೂಟೆ ಹೇರುವ ಗಾಡಿಗೆ ಬೇಡವೆಂದೆ.

ಅಮೆರಿಕದ ಪದ್ಧತಿಯ ಅಂಕಗಳಿರುವ ಟೈರುಗಳಲ್ಲಿ ‘ಟ್ರೆಡ್‌ವೇರ್’ ಸಂಖ್ಯೆ ದೊಡ್ಡದಿದ್ದಷ್ಟೂ ಬಾಳಿಕೆ ಹೆಚ್ಚು ಎನ್ನುತ್ತಾರೆ, ಆದರೆ ಆ ಸಂಖ್ಯೆಯನ್ನು ತಯಾರಕರೇ ಕೊಟ್ಟುಕೊಳ್ಳುವುದರಿಂದ ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸಿ ಪ್ರಯೋಜನವಿಲ್ಲ. ‘ಟ್ರ್ಯಾಕ್ಷನ್’ ಅಕ್ಷರ ಮಾತ್ರ ಒದ್ದೆ ನೆಲದ ಮೇಲಿನ ಪರೀಕ್ಷೆಯಿಂದ ಬಂದದ್ದು. ಎಎ ಉತ್ತಮ, ನಂತರ ಎ, ಬಿ, ಸಿ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಒದ್ದೆ ಹಿಡಿತ, ಉರುಳುವಿಕೆಯ ಪ್ರತಿರೋಧ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟ ಗೊತ್ತುಮಾಡಿದೆ. ಅದು ಪಾಸು ಫೇಲಿನ ಗೆರೆ, ಯಾವುದು ಹೆಚ್ಚು ಉತ್ತಮ ಎಂಬುದನ್ನು ಅದು ಹೇಳುವುದಿಲ್ಲ.

ಹಸ್ತ ಮಳೆ, ಆಯುಧಪೂಜೆಗೆ ಮೊದಲು

ಜಿಯೋಲ್ಯಾಂಡರ್ ಸರಣಿಯ ಡಾಂಬರು ರಸ್ತೆಯ ಮಾದರಿಯನ್ನು ಆರಿಸಿ ನಾಲ್ಕು ಹಾಕಿಸಿದೆ. ಬಾಣದ ಗುರುತಿನ, ಒಂದೇ ದಿಕ್ಕಿಗೆ ತಿರುಗಬೇಕಾದ ವಿನ್ಯಾಸವನ್ನು ಬೇಕೆಂದೇ ಬಿಟ್ಟೆ. ಅಂಥದ್ದನ್ನು ಸ್ಟೆಪ್ನಿಯಾಗಿ ಇಟ್ಟರೆ ಅರ್ಧ ಸಂದರ್ಭಗಳಲ್ಲಿ ತಪ್ಪು ಬದಿಗೆ ಬರುತ್ತದೆ. ನಾಲ್ಕರ ಮೇಲೂ ಇದೇ ವರ್ಷದ ತಯಾರಿಕೆಯ ಅಂಕಿ ಇರುವುದನ್ನು ರಿಮ್ಮಿಗೆ ಏರಿಸುವ ಮೊದಲೇ ನೋಡಿಕೊಂಡೆ, ಏರಿಸಿದ ಮೇಲೆ ಜಗಳವಾಡಿ ಫಲವಿಲ್ಲ. ರಬ್ಬರ್ ವಾಲ್ವ್‌ಗಳನ್ನೂ ಹೊಸದು ಹಾಕಿಸಿದ್ದಾಯಿತು. ನೈಟ್ರೋಜನ್ ಬೇಡವೆಂದೆ, ಸಾಮಾನ್ಯ ಗಾಳಿಯಲ್ಲೇ ಅದು ಶೇ. 78ರಷ್ಟಿದೆ, ಉಳಿದ ಪಾಲಿಗೆ ಪ್ರತ್ಯೇಕ ದುಡ್ಡು ಕೊಡುವಷ್ಟು ನಾನು ವೇಗವಾಗಿ ಓಡಿಸುವುದಿಲ್ಲ. ಬ್ಯಾಲೆನ್ಸಿಂಗ್ ಆದ ಮೇಲೆ ಅಲೈನ್‌ಮೆಂಟ್ ಯಂತ್ರ ಮುಂಚಕ್ರಗಳ ಟೋ, ಅಂದರೆ ಅವುಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೊಂಚ ತಪ್ಪಿರುವುದನ್ನು ತೋರಿಸಿತು, ಸರಿಪಡಿಸಿದರು. ಹಿಂದಿದ್ದ ಹಳೆಯ ಟೈರುಗಳಲ್ಲಿ ಚೆನ್ನಾಗಿದ್ದುದು ಸದ್ಯಕ್ಕೆ ಸ್ಟೆಪ್ನಿಯಾಗಿದೆ.

ಹೊಸ ಟೈರು ಮೊದಲು ತುಳಿದದ್ದು ಆಯುಧಪೂಜೆಯ ನಿಂಬೆಹಣ್ಣುಗಳನ್ನು.

ಸ್ವಾತಿ ಮಳೆ ಮತ್ತು ನಂತರ

ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಹೋಗುವವರೆಗೆ, ಅಂದರೆ ಮೊದಲ ಕೆಲವು ನೂರು ಕಿಲೋಮೀಟರ್, ಮೆಲ್ಲಗೆ ಓಡಿಸಿದೆ. ಆಮೇಲೆ ಹಿಂಗಾರಿನ ಮಳೆಯಲ್ಲಿ ಚಾರ್ಮಾಡಿ ಇಳಿದಾಗ ವ್ಯತ್ಯಾಸ ಕಂಡದ್ದು ಬ್ರೇಕಿಗಿಂತ ಮೊದಲು ಸ್ಟೀರಿಂಗಿನಲ್ಲಿ. ಹಳೆಯ ಟೈರುಗಳಿದ್ದಾಗ ಹಿಮ್ಮುರಿ ತಿರುವಿನ ನಡುವೆ ಮೂತಿ ಹೊರಕ್ಕೆ ಸರಿಯುವುದನ್ನು ಊಹಿಸಿಕೊಂಡೇ ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತಿದ್ದೆ; ಈಗ ತಿರುಗಿಸಿದಷ್ಟಕ್ಕೆ ಗಾಡಿ ತಿರುಗುತ್ತದೆ. ಒರಟು ಡಾಂಬರಿನ ಮೇಲಿನ ಗುಂಯ್ ಎನ್ನುವ ಸದ್ದೂ ತಗ್ಗಿದೆ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಂಡಿಲ್ಲ.

ಡಿಸೆಂಬರ್‌ನಲ್ಲಿ ಗಮನಿಸಬೇಕಾದದ್ದು ಗಾಳಿ. ಉಷ್ಣಾಂಶ ಸುಮಾರು ಐದೂವರೆ ಡಿಗ್ರಿ ಇಳಿದರೆ ಒತ್ತಡ 1 ಪಿಎಸ್‌ಐಯಷ್ಟು ಇಳಿಯುತ್ತದೆ, ಹೀಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಪೇಟೆಯಲ್ಲಿ ಸರಿಯಾಗಿ ತುಂಬಿಸಿದ್ದು ಬೆಳಗಿನ ಚಳಿಗೆ ಎರಡು ಮೂರು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಬಾಗಿಲಿನ ಬಳಿಯ ಚೀಟಿಯಲ್ಲಿರುವುದು ತಣ್ಣಗಿರುವ ಟೈರಿನ ಲೆಕ್ಕ. ಅದಕ್ಕೇ ಮನೆಯಲ್ಲೇ ಸಣ್ಣ ಪಂಪು ಇಟ್ಟುಕೊಂಡು, ಕಾಫಿ ಹೇರುವ ದಿನ ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲೇ ಅಳೆದು, ಚೀಟಿಯಲ್ಲಿ ತುಂಬು ಹೊರೆಗೆ ಹೇಳಿರುವಷ್ಟು ತುಂಬಿಸುತ್ತಿದ್ದೇನೆ.

ಉಳಿದದ್ದು ಭಾವನವರ ಪ್ರಶ್ನೆ. ಕೊಯ್ಲು ಮುಗಿದು ಆಳುಗಳಿಗೆ ಬಿಡುವಾದ ಮೇಲೆ ಗೇಟಿನಿಂದ ಮೇಲಿನ ಏರಿನಲ್ಲಿ ಚಕ್ರ ಹೋಗುವ ಎರಡು ಜಾಡುಗಳಿಗಷ್ಟೇ ಜಲ್ಲಿ ಹಾಕಿಸಿ, ಪಕ್ಕದಲ್ಲಿ ನೀರು ಹೋಗಲು ಚರಂಡಿ ತೆಗೆಸುವುದೆಂದು ಮಾತಾಗಿದೆ. ಒಂದು ಟ್ರ್ಯಾಕ್ಟರ್ ಲೋಡಿಗೆ ಎಷ್ಟು ಎಂದು ವಿಚಾರಿಸಬೇಕು.