ಮಿರ್ಚಿ ಕಟ್ಟಿದ ಕಾಗದ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಹಳೇ ಮಷಿನ್, ಕೈಗೊಬ್ಬ ಹುಡುಗ. ಸ್ಕಾಲರ್‌ಶಿಪ್ಪು, ಜಾತಿ-ಆದಾಯ, 371(ಜೆ) ಸರ್ಟಿಫಿಕೇಟು, ರೇಷನ್ ಕಾರ್ಡ್ ತಿದ್ದುಪಡಿ, ಏನೇ ಆನ್‌ಲೈನ್ ಅರ್ಜಿ ಇದ್ದರೂ ಹಾಕಿಕೊಡುತ್ತೇವೆ.

ಹೋದ ಜನವರಿಯ ಒಂದು ಸಂಜೆ. ಸ್ಕಾಲರ್‌ಶಿಪ್ ಗದ್ದಲ ಜೋರಾಗಿತ್ತು. ಸರ್ವರ್ ಎಂದಿನಂತೆ ಗರಗರ ಸುತ್ತುತ್ತಾ ಕೂತಿತ್ತು. ಗುರುತಿನ ಹೆಣ್ಣುಮಗಳೊಬ್ಬಳು ಬಂದು ಕೌಂಟರ್ ಮೇಲೆ ಎಣ್ಣೆ ಹತ್ತಿದ ಒಂದು ಹಾಳೆ ಇಟ್ಟಳು.

"ಅಣ್ಣಾ, ಇದನ್ನ ಸ್ವಲ್ಪ ಓದ್ರಿ."

ಆಧಾರ್ ಕಾರ್ಡಿನ ಝೆರಾಕ್ಸು. ಎಣ್ಣೆ ಇಳಿದು ಫೋಟೋದ ಅರ್ಧ ಮುಖ ಮಸುಕಾಗಿತ್ತು. ಹನ್ನೆರಡು ಅಂಕಿ ಮಾತ್ರ ನೆಟ್ಟಗಿದ್ದವು. ಕೆಳಗೆ ವಿಳಾಸ. ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಒಂದು ಫೋನ್ ನಂಬರ್.

"ಬಂಡಿ ಮ್ಯಾಲ ಮಿರ್ಚಿ ತಗೊಂಡಿದ್ದೆ. ಇದರಾಗ ಕಟ್ಟಿ ಕೊಟ್ಟಾನ. ನಮ್ಮ ಓಣಿ ಹುಡುಗಿದು ನೋಡ್ರಿ ಇದು. ನಾಳೆ ನನ್ನ ಮಗಳದ್ದೂ ಬರ್ತದ."

'ನಮ್ಮ ಅಂಗಡಿದಲ್ಲರಿ' ಅನ್ನೋ ಮಾತು ಬಾಯಿತನಕ ಬಂದಿತ್ತು. ಊರಲ್ಲಿ ಝೆರಾಕ್ಸ್ ಅಂಗಡಿಗೇನು ಬರವೇ? ಅಷ್ಟರಲ್ಲಿ ಬಲಗಡೆಯ ಗೆರೆ ಕಣ್ಣಿಗೆ ಬಿತ್ತು. ನನ್ನ ಮಷಿನ್ನಿನ ಡ್ರಮ್ ಮೇಲೆ ಗೀರು ಬಿದ್ದು ಆರು ತಿಂಗಳಾಗಿತ್ತು. ಬದಲಿಸೋಕೆ ದುಡ್ಡು ಜಾಸ್ತಿ ಅಂತ ಹಾಗೇ ಓಡಿಸುತ್ತಿದ್ದೆ. ತೆಗೆದ ಪ್ರತಿ ಕಾಪಿಯಲ್ಲೂ ಬಲ ಅಂಚಿನಿಂದ ಒಂದು ಬೆರಳು ಒಳಗೆ, ಮೇಲಿಂದ ಕೆಳಗೆ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ. ಗಿರಾಕಿ ಕೇಳಿದರೆ 'ನಡೀತದ ತಗೋರಿ' ಅಂತಿದ್ದೆ. ಆ ಗೆರೆ ಈಗ ಎಣ್ಣೆಯ ನಡುವೆಯೂ ಕಪ್ಪಗೆ ಎದ್ದು ಕಾಣುತ್ತಿತ್ತು.

"ನಮ್ಮದೇ ಅಕ್ಕಾ," ಅಂದೆ. ಅವಳು ಏನೂ ಅನ್ನಲಿಲ್ಲ. ಹಾಳೆ ಅಲ್ಲೇ ಬಿಟ್ಟು ಹೋದಳು.

ಆಗಿದ್ದು ಇಷ್ಟೇ. ಸೊಟ್ಟ ಬಂದ ಕಾಪಿ, ಮಸುಕು ಬಂದ ಕಾಪಿ, ಒಂದು ಹೆಚ್ಚಿಗೆ ಬಂದ ಕಾಪಿ, ಎಲ್ಲ ಟೇಬಲ್ ಕೆಳಗಿನ ಚೀಲಕ್ಕೆ. ಚೀಲ ತುಂಬಿದರೆ ರದ್ದಿಯವನಿಗೆ. ಕೆಜಿಗೆ 12 ರೂಪಾಯಿ. ತಿಂಗಳಿಗೆ ನೂರು ರೂಪಾಯಿ ಬಂದರೆ ಹೆಚ್ಚು, ಹುಡುಗನ ಚಹಾ ಖರ್ಚು ಕಳೆಯುತ್ತಿತ್ತು. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗಂತೂ ಗಂಡ-ಹೆಂಡತಿ ಇಬ್ಬರ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಅಂತ ಮೂರು ಚೀಲ ಹೋಗಿದ್ದು ನೆನಪಿದೆ. ಯಾವ್ಯಾವ ಬಂಡಿ ಸೇರಿದವೋ.

ನಮ್ಮಲ್ಲಿ ಟೈಪಿಂಗ್ ಮಾಡಿಸಲು ಬರುವ ವಕೀಲರೊಬ್ಬರಿದ್ದಾರೆ. ಮಾರನೇ ದಿನ ಅವರ ಮುಂದೆ ಹೇಳಿಕೊಂಡೆ. ಜನರ ಮಾಹಿತಿ ಕಾಪಾಡೋಕೆ ಹೊಸ ಕಾನೂನು ಬಂದಿದೆ, 250 ಕೋಟಿವರೆಗೂ ದಂಡ ಅಂತ ಕೇಳಿದ್ದೆ. ನನ್ನ ಅಂಗಡಿ, ಮನೆ, ಸ್ಕೂಟರ್ ಎಲ್ಲ ಮಾರಿದರೂ ಅದರ ಬಡ್ಡಿಗೆ ಸಾಲದು. ಅವರು ನಕ್ಕರು.

"ಮಿರ್ಚಿ ಕಾಗದಕ್ಕ ಈ ಕಾನೂನು ಹತ್ತಂಗಿಲ್ಲಪ್ಪ. ಅದು ಡಿಜಿಟಲ್ ಮಾಹಿತಿಗಷ್ಟೇ. ನಿನ್ನ ಕಂಪ್ಯೂಟರ್‌ದಾಗ ಏನದ, ಅದನ್ನ ತೋರ್ಸು."

ಡೌನ್‌ಲೋಡ್ಸ್ ಫೋಲ್ಡರ್ ತೆಗೆದೆ. ಮೌಸ್ ಎಳೆದಷ್ಟೂ ಇಳಿಯುತ್ತಲೇ ಇತ್ತು. ಜನ ವಾಟ್ಸಾಪಿನಲ್ಲಿ ಕಳಿಸಿದ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಯಾರದೋ ಆಸ್ಪತ್ರೆ ರಿಪೋರ್ಟು. ನಾಲ್ಕು ವರ್ಷದ್ದು. ಹನ್ನೊಂದು ಸಾವಿರ ಚಿಲ್ಲರೆ ಫೈಲು. ಒಂದನ್ನೂ ನಾನು ಬೇಕಂತ ಇಟ್ಟುಕೊಂಡದ್ದಲ್ಲ, ಸುಮ್ನೆ ತೆಗೆದುಹಾಕಿರಲಿಲ್ಲ. ಬ್ರೌಸರ್ ತೆಗೆದರೆ ಗಿರಾಕಿಗಳ ಪಾಸ್‌ವರ್ಡುಗಳು ಸೇವ್ ಆಗಿ ಕೂತಿದ್ದವು. ಇವೆಲ್ಲಕ್ಕಿಂತ ನಾಚಿಕೆಯಾಗಿದ್ದು ಗಲ್ಲಾಪೆಟ್ಟಿಗೆ ಪಕ್ಕದ ಉದ್ದ ನೋಟ್‌ಬುಕ್ ತೋರಿಸುವಾಗ. ಹುಡುಗರು ಸ್ಕಾಲರ್‌ಶಿಪ್ ಪೋರ್ಟಲ್‌ನ ಪಾಸ್‌ವರ್ಡ್ ಮರೆಯುತ್ತಾರೆ ಅಂತ ಹೆಸರು, ಐಡಿ, ಪಾಸ್‌ವರ್ಡ್ ಎಲ್ಲ ಅದರಲ್ಲಿ ಬರೆದಿಡುತ್ತಿದ್ದೆ. ಉಪಕಾರ ಅಂದುಕೊಂಡಿದ್ದೆ. ಅಂಗಡಿಗೆ ಬಂದವರು ಯಾರು ಬೇಕಾದರೂ ತಿರುವಿ ನೋಡಬಹುದಿತ್ತು.

ವಕೀಲರು ಚಹಾ ಕುಡಿಯುತ್ತಾ ಬಿಡಿಸಿ ಹೇಳಿದರು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಯಾಕೆ ಬೇಕು ಅಂತ ಹೇಳಿ, ಒಪ್ಪಿಗೆ ಪಡೆದು ಮಾಹಿತಿ ತಗೋಬೇಕು. ಕೆಲಸ ಮುಗಿದ ಮೇಲೆ ಅಳಿಸಬೇಕು. 18 ತುಂಬದ ಮಕ್ಕಳದ್ದಾದರೆ ತಂದೆ-ತಾಯಿಯ ಒಪ್ಪಿಗೆ ಬೇಕು. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಅಂಥವರೇ. ಸೋರಿ ಹೋದರೆ ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು, ಯಾರ ಮಾಹಿತಿ ಹೋಯಿತೋ ಅವರಿಗೂ ತಿಳಿಸಬೇಕು. ಮಂಡಳಿಗೆ ಪೂರ್ತಿ ವಿವರ 72 ಗಂಟೆಯೊಳಗೆ ಹೋಗಬೇಕು. 250 ಕೋಟಿ ಅನ್ನೋದು ಮೇಲಿನ ಮಿತಿ. ತಪ್ಪು ಎಷ್ಟು ದೊಡ್ಡದು, ಎಷ್ಟು ಸಲ ಆಗಿದೆ, ಆಮೇಲೆ ಸರಿಪಡಿಸಲು ಏನು ಮಾಡಿದರು, ಇದನ್ನೆಲ್ಲ ನೋಡಿ ದಂಡ ಹಾಕುತ್ತಾರೆ.

ಕಾನೂನು ಹತ್ತಲಿ ಬಿಡಲಿ, ಆ ಹುಡುಗಿಯ ಮನೆಗೆ ಹೋಗಿ ಹೇಳಲೇಬೇಕಿತ್ತು. ವಿಳಾಸ ಹುಡುಕುವ ಕಷ್ಟವೇ ಇರಲಿಲ್ಲ, ಕಾಗದದಲ್ಲೇ ಇತ್ತಲ್ಲ! ಅವರಪ್ಪ ಗೌಂಡಿ ಕೆಲಸದವರು. ನಿಂತೇ ಎಲ್ಲ ಹೇಳಿದೆ.

"ಇದರಿಂದ ಏನಾಗ್ತದರಿ?" ಅಂದರು.

ಏನೂ ಆಗದೇ ಇರಬಹುದು. ಯಾರೋ ಈ ಕಾಪಿ ಇಟ್ಟುಕೊಂಡು ಸಿಮ್ ತೆಗೆಯಲು ಹೋಗಬಹುದು. ನಂಬರ್ ನೋಡಿ ಫೋನ್ ಮಾಡಿ, ಸ್ಕಾಲರ್‌ಶಿಪ್ ಆಫೀಸಿನಿಂದ ಅಂತ ಹೇಳಿ ಓಟಿಪಿ ಕೇಳಬಹುದು. ಹುಡುಗಿಯ ಹೆಸರು, ಊರು, ಹುಟ್ಟಿದ ತಾರೀಖು ಎಲ್ಲ ಹೇಳಿದರೆ ನಂಬದೇ ಇರೋದು ಹೇಗೆ? ಅವರ ಫೋನಿನಲ್ಲೇ ಮಗಳ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಟ್ಟೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದೆ. ಅವರು ಚಹಾ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ಹನ್ನೊಂದರವರೆಗೆ ಕೂತು ಫೈಲು ಅಳಿಸಿದೆ. ಮುಗಿಯಿತು ಅಂತ ಶಟರ್ ಎಳೆಯುವಾಗ ಹುಡುಗ ಅಂದ, "ಅಣ್ಣಾ, ಎಲ್ಲಾ ರೀಸೈಕಲ್ ಬಿನ್‌ದಾಗ ಕುಂತದ." ಮತ್ತೆ ಒಳಗೆ ಹೋದೆವು.

ಈಗ ಕೆಲಸ ಮುಗಿದ ಕೂಡಲೇ ಗಿರಾಕಿ ಎದುರಿಗೇ ಫೈಲು ತೆಗೆಯುತ್ತೇವೆ. ಪಾಸ್‌ವರ್ಡ್ ಅವರವರ ಕೈಯಲ್ಲೇ ಬರೆಸಿ ಅವರಿಗೇ ಕೊಡುತ್ತೇವೆ. ಕೆಟ್ಟ ಕಾಪಿ ಹರಿದು ಮನೆಗೆ ಒಯ್ಯುತ್ತೇನೆ, ನಮ್ಮಲ್ಲಿ ಇನ್ನೂ ನೀರೊಲೆ ಇದೆ. ಆಧಾರ್ ಪ್ರಿಂಟ್ ಕೇಳಿದವರಿಗೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ತೆಗೆದುಕೊಡುತ್ತೇನೆ. ಅದನ್ನು ಒಯ್ದರೆ ಕೆಲವು ಕಡೆ 'ನಂಬರ್ ಎಲ್ಲದ?' ಅಂತ ವಾಪಸ್ ಕಳಿಸುತ್ತಾರೆ. ಬೈಗುಳ ನನಗೆ. ಡ್ರಮ್ಮನ್ನೂ ಬದಲಿಸಿದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಆ ಗೆರೆ ನೋಡೋಕೆ ಆಗುತ್ತಿರಲಿಲ್ಲ ಅಷ್ಟೇ.

ಮೊನ್ನೆ ಆ ಹೆಣ್ಣುಮಗಳು ಬಂದಿದ್ದಳು, ಮಗಳ ಮಾರ್ಕ್ಸ್ ಕಾರ್ಡ್ ಕಾಪಿಗೆ. ಮೊದಲ ಹಾಳೆ ಸೊಟ್ಟ ಬಂತು. ಹರಿಯಲು ಹೋದೆ. ಅವಳು ಕೈ ಚಾಚಿ ಇಸಿದುಕೊಂಡಳು. ತಾನೇ ನಾಲ್ಕು ತುಂಡು ಮಾಡಿದಳು. ಡಬ್ಬಿ ಮುಂದೆ ಮಾಡಿದೆ. ಅದರ ಕಡೆ ನೋಡಿ, ಚೂರುಗಳನ್ನು ತನ್ನ ಚೀಲಕ್ಕೇ ಹಾಕಿಕೊಂಡು, ಎರಡು ರೂಪಾಯಿ ಇಟ್ಟು ಹೋದಳು.