ಬಾಡಿಗೆಯ ವರ್ಟಸ್‌ನಲ್ಲಿ ಪುಣೆಯಿಂದ ಬೆಳಗಾವಿಗೆ

ಹಿಂಜವಡಿಯಲ್ಲಿ ಕೆಲಸ, ವಾಕಡದಲ್ಲಿ ಮನೆ, ನಡುವೆ ಓಡಾಡಲು ಬೈಕು. ಪುಣೆಯ ಎಷ್ಟೋ ಕನ್ನಡಿಗರಿಗೆ ಕಾರು ಬೇಕಾಗುವುದು ದೀಪಾವಳಿಗೋ ಊರ ಜಾತ್ರೆಗೋ ಮಾತ್ರ. ಹೇಗೂ ಬಾಡಿಗೆ ಕೊಡುತ್ತೇವೆ, ಒಂದು ಜೋರು ಗಾಡಿಯನ್ನೇ ತೆಗೆದುಕೊಳ್ಳೋಣ ಅನ್ನಿಸುವುದು ಸಹಜ. ಆಗ ಬೆರಳು ಹೋಗಿ ನಿಲ್ಲುವುದು ಫೋಕ್ಸ್‌ವ್ಯಾಗನ್ ವರ್ಟಸ್ ಮೇಲೆ. 2022ರ ಜೂನ್‌ನಲ್ಲಿ ಬಂದ ಈ ಸೆಡಾನ್ ತಯಾರಾಗುವುದೂ ಪುಣೆಯ ಪಕ್ಕದ ಚಾಕಣದಲ್ಲೇ. ಊರಿಂದ ಬಂದು ಇಲ್ಲಿ ಕಾರು ಹಿಡಿಯುವವರಿಗೂ, ಇಲ್ಲಿಂದ ಊರಿಗೆ ಹೊರಡುವವರಿಗೂ ಆಗುವಂತೆ ಈ ಗಾಡಿಯ ಗುಣಾವಗುಣ ಇಲ್ಲಿದೆ.

ಮೊದಲು ಯಾವ ವರ್ಟಸ್ ಎಂದು ಕೇಳಿ. ಬುಕ್ ಮಾಡುವಾಗ ಬರೀ 'ವರ್ಟಸ್ ಆಟೋಮ್ಯಾಟಿಕ್' ಎಂದಿದ್ದರೆ ಅದು ಎರಡರಲ್ಲಿ ಯಾವುದೂ ಆಗಿರಬಹುದು. ಒಂದು, 1.0 ಲೀಟರಿನ ಮೂರು ಸಿಲಿಂಡರಿನದು: 115 ಪಿಎಸ್ ಶಕ್ತಿ, 178 ಎನ್‌ಎಂ ಎಳೆತ (ಟಾರ್ಕ್), ಆರು ಗೇರು. ಇನ್ನೊಂದು, 1.5 ಲೀಟರಿನ ನಾಲ್ಕು ಸಿಲಿಂಡರಿನದು: 150 ಪಿಎಸ್, 250 ಎನ್‌ಎಂ, ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರುಪೆಟ್ಟಿಗೆ. ಜಿಟಿ ಎಂಬ ಅಕ್ಷರ ನೋಡಿ ನಂಬಬೇಡಿ. 'ಜಿಟಿ ಲೈನ್' ಎನ್ನುವುದರಲ್ಲಿ ಕಪ್ಪು ಅಲಂಕಾರವಷ್ಟೇ ಜಿಟಿಯದು, ಬಾನೆಟ್ ಒಳಗಿರುವುದು 1.0. ಆರ್‌ಸಿಯಲ್ಲಿ ಸಿಸಿ ನೋಡಿದರೆ ಮುಗಿಯಿತು: 999 ಇದ್ದರೆ ಚಿಕ್ಕದು, 1498 ಇದ್ದರೆ ದೊಡ್ಡದು. ನೀವು ಸುತ್ತುವುದು ಬರೀ ಪುಣೆಯೊಳಗೆ, ಕೋಥ್ರೂಡ್‌ನಿಂದ ಹಡಪಸರಕ್ಕೆ ಎಂದಾದರೆ ಚಿಕ್ಕದೇ ವಾಸಿ. ಯಾಕೆ ಎಂಬುದು ಮುಂದೆ ಬರುತ್ತದೆ.

ನಂಬರ್ ಪ್ಲೇಟಿನ ಬಣ್ಣವನ್ನೂ ನೋಡಿಕೊಳ್ಳಿ. ಸ್ವತಃ ಓಡಿಸಲು ಕಾನೂನುಬದ್ಧವಾಗಿ ಬಾಡಿಗೆಗೆ ಸಿಗುವ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ. ಪರಿಚಯದವರ ಮೂಲಕ ಅಗ್ಗಕ್ಕೆ ಸಿಗುವ ಬಿಳಿ ಪ್ಲೇಟಿನ ಗಾಡಿ ಖಾಸಗಿಯದು. ಖಾಸಗಿ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಉಳಿಸಿದ ನಾಲ್ಕು ಕಾಸು ಯಾವ ಮೂಲೆಗೂ ಸಾಲದು. ಗಾಡಿಯ ಪರ್ಮಿಟ್ ಕರ್ನಾಟಕಕ್ಕೂ ಇದೆಯೇ ಎಂಬುದನ್ನು ಬಾಯಿ ಮಾತಿನಲ್ಲಿ ಅಲ್ಲ, ಮೆಸೇಜಿನಲ್ಲಿ ಬರೆಸಿಕೊಳ್ಳಿ. ರಾಜ್ಯದ ಗಡಿಯ ಕೊಗನೋಳಿಯಲ್ಲಿ ತಡೆದು ನಿಲ್ಲಿಸಿದಾಗ ಕಚೇರಿಯವರು ಫೋನ್ ಎತ್ತುತ್ತಾರೆಂಬ ಖಾತ್ರಿಯಿಲ್ಲ.

ಕೀಲಿ ಕೈಗೆ ಬಂದ ಮೇಲೆ ಗೀರುಗಳ ವಿಡಿಯೋ ಎಲ್ಲರೂ ಮಾಡುತ್ತಾರೆ. ಟೈರಿನ ಹತ್ತಿರ ಬಗ್ಗಿ ನೋಡುವವರು ಕಡಿಮೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಅಚ್ಚು ಇರುತ್ತದೆ. 2322 ಎಂದರೆ 2022ರ 23ನೇ ವಾರದಲ್ಲಿ ಮಾಡಿದ್ದು. ಗಾಡಿಗಿಂತ ಟೈರು ಬಹಳ ಹೊಸದಾಗಿದ್ದರೆ ಯಾಕೆ ಬದಲಾಯಿಸಿದರು ಎಂದು ಕೇಳಿ. ಟೈರಿನ ತೋಡುಗಳ ಒಳಗೆ ಸಣ್ಣ ದಿಬ್ಬಗಳಿವೆ, ಸವೆತ ಆ ಮಟ್ಟಕ್ಕೆ ಬಂತೆಂದರೆ ಉಳಿದಿರುವುದು 1.6 ಮಿಲಿಮೀಟರ್. ಕಾನೂನಿಗೆ ಅಲ್ಲಿಯವರೆಗೆ ಅಡ್ಡಿಯಿಲ್ಲ. ಆದರೆ ಜುಲೈ ಮಳೆಯಲ್ಲಿ 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ನೀರನ್ನು ಹೊರಗೆ ತಳ್ಳುವ ಟೈರಿನ ಶಕ್ತಿ ಕುಗ್ಗುತ್ತದೆ, ಗಾಡಿ ನೀರಿನ ಮೇಲೆ ತೇಲಬಹುದು. ಇನ್ನೊಂದು ಮಾತು. ಈ ಕಾರಿನ ಟೈರ್ ಗಾಳಿಯ ಎಚ್ಚರಿಕೆ ನೇರವಾಗಿ ಗಾಳಿಯನ್ನು ಅಳೆಯುವುದಿಲ್ಲ. ಬ್ರೇಕಿನ ಎಬಿಎಸ್ ಸೆನ್ಸರುಗಳಿಂದ ಚಕ್ರಗಳ ತಿರುಗುವಿಕೆಯನ್ನು ಹೋಲಿಸಿ, ಒಂದು ಚಕ್ರ ಹೆಚ್ಚು ಸುತ್ತಿದರೆ ಗಾಳಿ ಇಳಿದಿದೆ ಎಂದು ಊಹಿಸುತ್ತದೆ. ನಾಲ್ಕೂ ಟೈರಿನ ಗಾಳಿ ಸಮಸಮನಾಗಿ ಇಳಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ತಿಂಗಳುಗಟ್ಟಲೆ ಯಾರೂ ಗಾಳಿ ನೋಡದ ಬಾಡಿಗೆ ಗಾಡಿಯಲ್ಲಿ ಆಗುವುದೇ ಇದು. ಹತ್ತಿರದ ಬಂಕಿಗೆ ಹೋಗಿ ಗಾಳಿ ತುಂಬಿಸಿ, ಆಮೇಲೆ ಸ್ಕ್ರೀನಿನಲ್ಲಿ ಟೈರ್ ಸೆಟ್ಟಿಂಗ್‌ಗೆ ಹೋಗಿ ಹೊಸ ಗಾಳಿಯನ್ನು ಸೇವ್ ಮಾಡಿ.

ಇನ್ನು ಓಡಿಸುವ ಮಾತು, ಅದೂ ದೊಡ್ಡ 1.5ರದು. ಮೊದಲ ಅರ್ಧ ಗಂಟೆ ನಿರಾಸೆಯೇ, ಯಾಕೆಂದರೆ ಮೊದಲು ಸಿಗುವುದು ಪುಣೆಯ ಟ್ರಾಫಿಕ್ಕು. ಡಿಎಸ್‌ಜಿಯಲ್ಲಿ ಎರಡು ಕ್ಲಚ್. 1, 3, 5, 7 ಒಂದರ ಪಾಲು. 2, 4, 6 ಮತ್ತು ರಿವರ್ಸ್ ಇನ್ನೊಂದರ ಪಾಲು. ಒಂದು ಗೇರಿನಲ್ಲಿ ಗಾಡಿ ಓಡುತ್ತಿದ್ದಾಗಲೇ ಮುಂದಿನದು ಸಿದ್ಧವಾಗಿ ಕಾಯುತ್ತಿರುತ್ತದೆ, ಅದಕ್ಕೇ ಗೇರು ಬಿದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಈ ಕ್ಲಚ್‌ಗಳು ಒಣ ಕ್ಲಚ್‌ಗಳು, ತಂಪು ಮಾಡಲು ಎಣ್ಣೆಯ ಸ್ನಾನವಿಲ್ಲ. ವಾಕಡ ಚೌಕದಲ್ಲಿ ಆಮೆ ನಡಿಗೆಯಲ್ಲಿ ಹೋಗುವಾಗ ಅರ್ಧ ಕ್ಲಚ್ ಒತ್ತಿಕೊಂಡು ಬೈಕ್ ಓಡಿಸಿದ ಹಾಗೆ ಇದೂ ಉಜ್ಜುತ್ತಲೇ ಇರುತ್ತದೆ. ಮೊದಲನೆಯದರಿಂದ ಎರಡಕ್ಕೆ, ಮತ್ತೆ ಮೊದಲನೆಯದಕ್ಕೆ ಎಂದು ತಡವರಿಸಿ ಜರ್ಕು ಹೊಡೆಯುತ್ತದೆ. ಬಿಸಿ ಹೆಚ್ಚಾದರೆ ಮೀಟರಿನಲ್ಲಿ ಎಚ್ಚರಿಕೆಯೂ ಬರುತ್ತದೆ. ಆಗ ಪಕ್ಕಕ್ಕೆ ಹಾಕಿ 'ಪಿ'ಯಲ್ಲಿ ನಿಲ್ಲಿಸಿ ಆರಲು ಬಿಡಬೇಕು.

ಇದಕ್ಕೆ ಮದ್ದು ಕಾಲಿನಲ್ಲೇ ಇದೆ. ಮುಂದಿನ ಗಾಡಿ ಒಂದಡಿ ಸರಿದರೆ ನೀವೂ ಒಂದಡಿ ಸರಿಯಬೇಡಿ. ಒಂದು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕನ್ನು ಪೂರ್ತಿ ಒತ್ತಿ ನಿಲ್ಲಿ. ಪೂರ್ತಿ ಒತ್ತಿದಾಗಲೇ ಕ್ಲಚ್ ಬಿಡುತ್ತದೆ, ಅರ್ಧ ಒತ್ತಿದರೆ ಉಜ್ಜಾಟ ಮುಂದುವರಿಯುತ್ತದೆ. ಏರಿನಲ್ಲಿ ಆಕ್ಸಿಲೇಟರ್ ಮೇಲೆ ಗಾಡಿಯನ್ನು ತಡೆದು ನಿಲ್ಲಿಸುವ ಅಭ್ಯಾಸ ಇದ್ದರಂತೂ ಬಿಟ್ಟುಬಿಡಿ. ತೀರಾ ಜಾಮ್ ಇದ್ದರೆ ಮ್ಯಾನುವಲ್‌ಗೆ ಹಾಕಿ ಒಂದನೇ ಗೇರಿನಲ್ಲೇ ಇಟ್ಟುಕೊಳ್ಳಿ. ನೀವು ಜಾಗ ಬಿಟ್ಟಲ್ಲಿ ಪಕ್ಕದಿಂದ ಸ್ಕೂಟರ್ ತೂರಿಕೊಳ್ಳುತ್ತದೆ, ಹಿಂದಿನವನು ಹಾರ್ನ್ ಬಾರಿಸುತ್ತಾನೆ. ಬಾರಿಸಲಿ. 1.0ರ ಆರು ಗೇರಿನ ಟಾರ್ಕ್ ಕನ್ವರ್ಟರ್‌ಗೆ, ಅಂದರೆ ಎಣ್ಣೆಯ ಮೂಲಕ ಬಲ ದಾಟಿಸುವ ಆಟೋಮ್ಯಾಟಿಕ್‌ಗೆ, ಈ ಯಾವ ಉಸಾಬರಿಯೂ ಇಲ್ಲ, ಅದು ನಗರಕ್ಕೇ ಹುಟ್ಟಿದ್ದು.

ಪುಣೆಯಲ್ಲಿ ಇನ್ನೊಂದು ತಲೆನೋವು 'ಗತಿರೋಧಕ', ಅಂದರೆ ಹಂಪು. ಖಾಲಿ ಗಾಡಿಯ ಹೊಟ್ಟೆಗೂ ನೆಲಕ್ಕೂ 179 ಮಿಲಿಮೀಟರ್ ಅಂತರ, ಸೆಡಾನ್‌ಗೆ ಇದು ಒಳ್ಳೆಯದೇ. ಆದರೆ ಐದು ಜನ ಕೂತು, 521 ಲೀಟರಿನ ಡಿಕ್ಕಿಯಲ್ಲಿ ಊರಿನ ಜೋಳದ ಚೀಲ, ಸೋನಾ ಮಸೂರಿ ಚೀಲ ಬಿದ್ದ ಮೇಲೆ ಅದು 145ರ ಹತ್ತಿರಕ್ಕೆ ಇಳಿಯುತ್ತದೆ. ಎತ್ತರದ ಹಂಪನ್ನು ಸೊಟ್ಟಗೆ, ಒಂದೊಂದೇ ಚಕ್ರ ಹತ್ತುವಂತೆ ದಾಟಿಸಿ. ಭಾರ ತುಂಬಿದಾಗ ಎಷ್ಟು ಗಾಳಿ ಬೇಕೆಂಬುದು ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿದೆ. ಹಿಂದಿನ ಚಕ್ರಕ್ಕೆ ಬೇರೆ ಅಂಕಿ ಇರುತ್ತದೆ, ನೋಡಿ. ಸೀಟು ತಗ್ಗು. ಮಂಡಿನೋವಿನ ಅಜ್ಜಿಯನ್ನು ಕರೆದೊಯ್ಯುವುದಿದ್ದರೆ ಮುಂದೆ ಕೂರಿಸಿ, ಸೀಟನ್ನು ಪೂರ್ತಿ ಹಿಂದೆ ಸರಿಸಿ.

ಕಾತ್ರಜ್ ಹೊಸ ಸುರಂಗ ದಾಟಿ ಖೇಡ್ ಶಿವಾಪುರ ಟೋಲ್ ಕಳೆಯಿತೆಂದರೆ ಗಾಡಿಯ ವರಸೆಯೇ ಬದಲಾಗುತ್ತದೆ. 250 ಎನ್‌ಎಂ ಪೂರ್ತಿಯಾಗಿ ಸಿಗುವುದು 1,600ರಿಂದ 3,500 ಆರ್‌ಪಿಎಂ ನಡುವೆ. ಅಂದರೆ ಎಂಜಿನ್ ಕಿರುಚುವ ಮೊದಲೇ ಕೆಲಸ ಮುಗಿದಿರುತ್ತದೆ. ಏಳನೇ ಗೇರಿನಲ್ಲಿ 100ರಲ್ಲಿ ಓಡುವಾಗ ಸೂಜಿ 2,000ದ ಆಸುಪಾಸು. ಸಪಾಟು ರಸ್ತೆಯಲ್ಲಿ ಕಾಲು ಹಗುರ ಮಾಡಿದರೆ ನಾಲ್ಕರಲ್ಲಿ ನಡುವಿನ ಎರಡು ಸಿಲಿಂಡರುಗಳು ತಾವಾಗಿಯೇ ಮಲಗುತ್ತವೆ, ಆದರೂ ಅಲುಗಾಟ ತಿಳಿಯುವುದಿಲ್ಲ. ಹೀಗೆ 90–100ರಲ್ಲಿ ಸಾಗಿದರೆ ಲೀಟರಿಗೆ 15ರಿಂದ 17 ಕಿಲೋಮೀಟರ್ ನಿರೀಕ್ಷಿಸಬಹುದು; ನಗರದಲ್ಲಿ 8ರಿಂದ 10 ಬಂದರೆ ಪುಣ್ಯ. ಟ್ಯಾಂಕ್ 45 ಲೀಟರಿನದು, ಬೆಳಗಾವಿ ಸುಮಾರು 340 ಕಿಲೋಮೀಟರ್, ನಡುವೆ ಬಂಕಿಗೆ ಹೋಗುವ ಪ್ರಮೇಯವಿಲ್ಲ.

ಓವರ್‌ಟೇಕ್‌ನಲ್ಲಿ ಮಾತ್ರ ಒಂದು ತಿಳುವಳಿಕೆ ಬೇಕು. 'ಡಿ'ಯಲ್ಲಿ ಓಡುವಾಗ ಪೆಟ್ರೋಲ್ ಉಳಿಸಲೆಂದು ಗಾಡಿ ದೊಡ್ಡ ಗೇರಿನಲ್ಲೇ ಕೂತಿರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದಿನಿಂದ ಥಟ್ಟನೆ ಹೊರಬಂದು ಆಕ್ಸಿಲೇಟರ್ ತುಳಿದರೆ, ಮೂರು ಗೇರು ಕೆಳಗಿಳಿದು, ಟರ್ಬೊ ಎಚ್ಚೆತ್ತುಕೊಂಡು, ಆಮೇಲೆ ನುಗ್ಗುತ್ತದೆ. ಆ ಒಂದು ಕ್ಷಣದ ತಡ ಭಯ ಹುಟ್ಟಿಸುತ್ತದೆ. ಹೊರಬರುವ ಮೊದಲೇ ಲಿವರನ್ನು ಹಿಂದಕ್ಕೆಳೆದು 'ಎಸ್'ಗೆ ಹಾಕಿ, ಅಥವಾ ಸ್ಟೇರಿಂಗ್ ಹಿಂದಿನ ಎಡ ಪ್ಯಾಡಲ್ ಎರಡು ಸಲ ಒತ್ತಿ. ಆಮೇಲಿನ ನುಗ್ಗಾಟಕ್ಕೆ ಕೊಟ್ಟ ಬಾಡಿಗೆ ಸಾರ್ಥಕ.

ಖಂಬಾಟಕಿಯ ಹಳೆಯ ಘಾಟಿಯನ್ನು ಹತ್ತುವಾಗಲೂ ಇದೇ ಸೂತ್ರ. 'ಡಿ'ಯಲ್ಲಿ ಬಿಟ್ಟರೆ ತಿರುವಿನ ನಡುವೆ ಗೇರು ಬದಲಾಯಿಸಿ ಗೊಂದಲ ಮಾಡುತ್ತದೆ; ಮೂರನೆಯದರಲ್ಲೇ ಕಟ್ಟಿಹಾಕಿದರೆ 50ರ ವೇಗಕ್ಕೆ ಸೂಜಿ 2,500ರಿಂದ 3,000ದೊಳಗೆ, ಅಂದರೆ ಬಲದ ಮಧ್ಯದಲ್ಲೇ ಇರುತ್ತದೆ. ಇಳಿಯುವಾಗಲೂ ಅದೇ ಮೂರು. ಈ ಗಾಡಿಗೆ ಹಿಂದೆ ಡ್ರಮ್ ಬ್ರೇಕು. ಭಾರ ತುಂಬಿಕೊಂಡು ಬ್ರೇಕಿನ ಮೇಲೇ ಇಳಿದರೆ ಬಿಸಿಯಾಗಿ ಹಿಡಿತ ತಗ್ಗುತ್ತದೆ. ಸಾತಾರಾ–ಕಾಗಲ್ ನಡುವೆ ಆರು ಪಥದ ಕಾಮಗಾರಿ ಇರುವ ಕಡೆ ಡೈವರ್ಶನ್‌ಗಳ ಅಂಚು ಚೂಪು. ಗಟ್ಟಿ ಸಸ್ಪೆನ್ಶನ್, 16 ಇಂಚಿನ ಟೈರು, ಹಿಂದೆ ಕೂತವರಿಗೆ ಸೊಂಟ ನೆನಪಾಗುತ್ತದೆ.

ಲೋಣಾವಳದ ಕಡೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಒಮ್ಮೆ 'ಎಳೆದು ನೋಡುವ' ಆಸೆ ಇದ್ದರೆ ಬೇಡ. ಅಲ್ಲಿ ಕಾರಿಗೆ 100, ಘಾಟಿಯಲ್ಲಿ 60 ಮಿತಿ. ಕಮಾನುಗಳ ಮೇಲೆ ಕ್ಯಾಮೆರಾಗಳಿವೆ, ಎರಡು ಕಡೆಗಳ ನಡುವಿನ ಸರಾಸರಿ ವೇಗವನ್ನೂ ಹಿಡಿಯುತ್ತವೆ. ಕ್ಯಾಮೆರಾ ಕೆಳಗೆ ಮಾತ್ರ ನಿಧಾನಿಸುವ ಜಾಣತನ ನಡೆಯುವುದಿಲ್ಲ.

ಮರಳುವಾಗ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಇಡೀ ದಾರಿಯ ಅತಿ ಕೆಟ್ಟ ಭಾಗ. ಅಲ್ಲಿ ಬೋರ್ಡಿನಲ್ಲಿ 'ತೀವ್ರ ಉತಾರ' ಎಂದಿರುತ್ತದೆ. ನಮ್ಮ ಕಡೆ ಉತಾರ ಎಂದರೆ ಹೊಲದ ಕಾಗದ, ಮರಾಠಿಯಲ್ಲಿ ಇಳಿಜಾರು. ಡೀಸೆಲ್ ಉಳಿಸಲೆಂದು ಲಾರಿಗಳು ನ್ಯೂಟ್ರಲ್‌ನಲ್ಲಿ ಇಳಿಯುತ್ತವೆ, ಬ್ರೇಕ್ ಸೋಲುತ್ತದೆ, ಕೆಳಗೆ ಸಾಲುಗಟ್ಟಿ ನಿಂತ ಕಾರುಗಳ ಮೇಲೆ ನುಗ್ಗುತ್ತವೆ. 2022ರ ನವೆಂಬರ್‌ನಲ್ಲಿ ಹೀಗೆಯೇ ಹತ್ತಾರು ವಾಹನಗಳು ಜಜ್ಜಿಹೋದವು. ಇಲ್ಲಿ 150 ಪಿಎಸ್ ಯಾವ ಉಪಕಾರಕ್ಕೂ ಬರುವುದಿಲ್ಲ, ಕನ್ನಡಿ ಬರುತ್ತದೆ. ಲಾರಿಯ ಮುಂದೆ ನಿಲ್ಲುವ ಪಥ ಬಿಟ್ಟು, ಗೇರಿನ ಹಿಡಿತದಲ್ಲಿ ಇಳಿಯುತ್ತ, ಮುಂದೆ ಗಾಡಿಗಳು ನಿಂತದ್ದು ಕಂಡೊಡನೆ ನಾಲ್ಕೂ ಇಂಡಿಕೇಟರ್ ಹಾಕಿ.

ಗಾಡಿ ಒಪ್ಪಿಸುವಾಗ ಕಿಲೋಮೀಟರ್ ಮತ್ತು ಪೆಟ್ರೋಲ್ ಸೂಜಿ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆಯಿರಿ, ಫಾಸ್ಟ್ಯಾಗ್‌ನಲ್ಲಿ ಕಡಿತವಾದ ಟೋಲಿನ ಪಟ್ಟಿ ಆಗಲೇ ಕೇಳಿ ಪಡೆಯಿರಿ. ಇ-ಚಲನ್ ಹೋಗುವುದು ಗಾಡಿಯ ಮಾಲೀಕರ ಹೆಸರಿಗೆ, ಬರುವುದು ವಾರಗಳ ಮೇಲೆ. ಅವರು ಠೇವಣಿಯಲ್ಲಿ ಹಿಡಿದುಕೊಂಡರೆ ಚಲನ್‌ನ ದಿನಾಂಕ, ವೇಳೆ ನಿಮ್ಮ ಬುಕಿಂಗ್‌ಗೆ ಹೊಂದುತ್ತದೆಯೇ ನೋಡಿಯೇ ಒಪ್ಪಿಕೊಳ್ಳಿ.