ಹೆಬ್ಬಾಳ ಮೇಲ್ಸೇತುವೆಯ ಮೇಲೆ ನಾನು ಆಡಬಾರದಿದ್ದ ಮಾತು

2017ರ ನವೆಂಬರಿನಲ್ಲಿ ಅಮೆರಿಕದ ಟೂರ್ ಆಪರೇಟರುಗಳ ಫ್ಯಾಮ್ ಟ್ರಿಪ್ (ಮುಂದೆ ತಮ್ಮ ಗ್ರಾಹಕರನ್ನು ಕಳುಹಿಸಲೆಂದು ಊರುಗಳನ್ನು ತಾವೇ ಬಂದು ನೋಡುವ ಪರಿಚಯ ಪ್ರವಾಸ) ಒಂದು ನಮ್ಮ ಕಂಪನಿಗೆ ಬಂದಿತ್ತು. ಒಂಬತ್ತು ಪ್ಯಾಕ್ಸ್ (ಪ್ರವಾಸಿಗಳು), ಐದು ರಾತ್ರಿ, ಬೆಂಗಳೂರು–ಮೈಸೂರು–ಬೆಂಗಳೂರು. ಯಾರಿಗೆ ಯಾವ ಕೋಣೆ ಎಂಬ ರೂಮಿಂಗ್ ಲಿಸ್ಟಿನಿಂದ ಹಿಡಿದು ವೋಚರುಗಳವರೆಗೆ ಎಲ್ಲವನ್ನೂ ನಾನೇ ಸಿದ್ಧಪಡಿಸಿದ್ದೆ; ತಂಡದ ಜೊತೆಗಿರುವ ಎಸ್ಕಾರ್ಟ್ ಆಗಿಯೂ ನಾನೇ ಹೋಗಿದ್ದೆ. ಆ ಪ್ರವಾಸದ ಮೊದಲ ಗಂಟೆಯಲ್ಲಿ ನಾನು ಆಡಿದ ಒಂದು ಮಾತು, ಹೆಬ್ಬಾಳದ ಮೇಲ್ಸೇತುವೆ ಹತ್ತಿದಾಗಲೆಲ್ಲ ಇಂದಿಗೂ ನೆನಪಾಗಿ ಚುಚ್ಚುತ್ತದೆ.

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಟ ಕೋಚ್ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಹೆಬ್ಬಾಳದಲ್ಲಿ ನಿಂತುಬಿಟ್ಟಿತು. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ವಾಹನ ನಿಂತರೆ ಎಸ್ಕಾರ್ಟ್ ಮೈಕ್ ಹಿಡಿಯಬೇಕು ಎಂಬುದು ನಮ್ಮಲ್ಲಿನ ನಿಯಮ. ನಾನು ಹಿಡಿದೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದ್ದು, 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಆರಂಭಿಸಿದ್ದು, 1889ರಲ್ಲಿ ಅಲ್ಲಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು, 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು, 2014ರಲ್ಲಿ ಇಸ್ರೋ ನೌಕೆ ಮಂಗಳನ ಕಕ್ಷೆ ಸೇರಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಪ್ರತಿಯೊಂದೂ ನಿಜವೇ, ಪ್ರತಿಯೊಂದರ ಬಗ್ಗೆಯೂ ನನಗೆ ಹೆಮ್ಮೆಯಿತ್ತು. ಕೊನೆಗೆ, ಉದ್ಯಾನ ನಗರಿ ಎಂಬ ಉತ್ತರವನ್ನೇ ನಿರೀಕ್ಷಿಸುತ್ತ, ಬೆಂಗಳೂರು ಎಂದಾಗ ನಿಮ್ಮ ಮನಸ್ಸಿಗೆ ಮೊದಲು ಬರುವುದೇನು ಎಂದು ಕೇಳಿದೆ.

ಒಬ್ಬರು ಕಿಟಕಿಯ ಹೊರಗೆ ಕೈ ತೋರಿಸಿದರು. ಇನ್ನೊಬ್ಬ ತರುಣ, ಕಂಪ್ಯೂಟರ್ ಕೆಟ್ಟಾಗ ಫೋನಿನಲ್ಲಿ ಸಹಾಯ ಮಾಡುವ ದನಿಗಳು ಎಂದ. ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು, ಬೆಂಗಳೂರಿನ ವಿಷಯ ತಮಗೆ ಹೆಚ್ಚು ಗೊತ್ತಿಲ್ಲವೆಂದೂ, ತಾವು ಹನ್ನೊಂದು ವರ್ಷಗಳಿಂದ ‘ಮೈಸೂರು ಮಾಡುತ್ತಿರುವುದಾಗಿ’ಯೂ ಹೇಳಿದರು. ನಾನು ಅದನ್ನು ಮೈಸೂರಿಗೆ ಬಂದುಹೋಗುತ್ತಿರುವ ಮಾತೆಂದು ತಪ್ಪಾಗಿ ತಿಳಿದು, ಅರಮನೆ, ದಸರಾ, ಸುಮಾರು ಒಂದು ಲಕ್ಷ ದೀಪಗಳು ಎಂದು ಮತ್ತೆ ನನ್ನ ಪಟ್ಟಿಯನ್ನೇ ಒಪ್ಪಿಸಿದೆ. ಅವರು ನಸುನಕ್ಕು ಸುಮ್ಮನಾದರು. ಆ ಮೌನದಲ್ಲೇ ನನಗೆ ತಿಳಿಯಬೇಕಿತ್ತು.

ಹಿಂದಿನ ಸಾಲಿನಲ್ಲಿ ಅರವತ್ತು ದಾಟಿದ ಮಹಿಳೆಯೊಬ್ಬರು ಕುಳಿತಿದ್ದರು. ಊರು ಶಿಕಾಗೋ. ಶಿಕಾಗೋ ಎಂದರೆ ನಮಗೆ ಶಾಲೆಯ ದಿನಗಳಿಂದಲೂ ವಿವೇಕಾನಂದರು, 1893ರ ಸರ್ವಧರ್ಮ ಸಮ್ಮೇಳನದ ಭಾಷಣ ಎಂದು ನಾನು ಹೇಳಿದಾಗ ಅವರು ಆಶ್ಚರ್ಯಪಟ್ಟರು. ಆ ಭಾಷಣ ನಡೆದ ಕಟ್ಟಡವೇ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್. ಅಲ್ಲಿಗೆ ಅವರು ಎಷ್ಟೋ ಸಲ ಹೋಗಿದ್ದರೂ ಈ ಸಂಗತಿಯನ್ನು ಕೇಳಿಯೇ ಇರಲಿಲ್ಲ. ತಮ್ಮೂರಿನ ಒಂದು ಕಟ್ಟಡ ಸಾವಿರಾರು ಮೈಲಿ ದೂರದ ಮಕ್ಕಳ ಪಾಠದಲ್ಲಿದೆ ಎಂಬುದು ಅವರಿಗೆ ತುಂಬ ಹಿಡಿಸಿತು. ಅವರ ಸಂತೋಷ ಕಂಡು ನನಗೆ ಹುರುಪೇರಿತು. ಆ ಹುರುಪಿನಲ್ಲಿ, ನಿಮ್ಮ ಭಾಷೆಯಲ್ಲಿ ಕ್ರಿಯಾಪದವಾಗಿರುವ ಊರುಗಳು ಜಗತ್ತಿನಲ್ಲಿ ಎಷ್ಟಿವೆ, ನಮ್ಮದು ಅಂಥದ್ದೊಂದು ಊರು ಎಂದು ಹೇಳಿ, ‘ಬ್ಯಾಂಗಲೋರ್ಡ್’ ಎಂಬ ಪದವನ್ನು ಮೈಕಿನಲ್ಲಿ ಉಚ್ಚರಿಸಿದೆ.

ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲ ಎಂದಲ್ಲ. ಕೆಲಸ ಬೆಂಗಳೂರಿಗೆ ಹೋದ ಕಾರಣ ಅಮೆರಿಕದವನೊಬ್ಬ ನೌಕರಿ ಕಳೆದುಕೊಂಡರೆ ಅವನನ್ನು ಕುರಿತು 2004ರ ಸುಮಾರಿಗೆ ಅಲ್ಲಿ ಹಾಗೆ ಹೇಳುತ್ತಿದ್ದರೆಂದು ಚೆನ್ನಾಗಿ ತಿಳಿದಿತ್ತು. ಆದರೆ ನಮ್ಮ ಆಫೀಸಿನಲ್ಲಿ ನಾವು ಅದನ್ನು ಪದಕದಂತೆ ಆಡಿಕೊಂಡು ಆಡಿಕೊಂಡು, ಅದರೊಳಗೆ ಒಬ್ಬ ಮನುಷ್ಯ ಇದ್ದಾನೆ ಎಂಬುದೇ ಮರೆತುಹೋಗಿತ್ತು.

ಕೋಚಿನಲ್ಲಿ ಯಾರೂ ಮಾತನಾಡಲಿಲ್ಲ. ಶಿಕಾಗೋದ ಮಹಿಳೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಆ ಪದ ತಮ್ಮ ಮನೆಯಲ್ಲಿ ಪರಿಚಿತವೇ ಎಂದರು. ಪತಿ ವಿಮಾ ಕಂಪನಿಯೊಂದರ ಕ್ಲೇಮ್ಸ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದರಂತೆ. ಆ ಕೆಲಸ ಇಲ್ಲಿಗೆ ಬರುವ ಮೊದಲು, ಆರು ವಾರಗಳ ಕಾಲ ಪ್ರತಿ ರಾತ್ರಿ ಫೋನಿನಲ್ಲಿ ಇಲ್ಲಿನ ಹುಡುಗರಿಗೆ ತಾವೇ ಅದನ್ನು ಕಲಿಸಿಕೊಟ್ಟು, ಏಳನೆಯ ವಾರ ಒಂದು ರಟ್ಟಿನ ಪೆಟ್ಟಿಗೆಯೊಂದಿಗೆ ಮನೆಗೆ ಬಂದರಂತೆ. ಅವರ ದನಿಯಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರಿಸುವುದು ಸುಲಭವಾಗುತ್ತಿತ್ತೇನೋ.

ಆಗ ನಾನು ಮೈಕ್ ಆರಿಸಿ, ಹಿಂದಿನ ಸಾಲಿಗೆ ನಡೆದುಹೋಗಿ ಕ್ಷಮೆ ಕೇಳಬೇಕಿತ್ತು. ಅದರ ಬದಲು, ಮೈಕ್ ಹಿಡಿದುಕೊಂಡೇ, ಆ ಕೆಲಸಗಳಿಂದ ನಮ್ಮ ಎಷ್ಟೋ ಬಡ ಕುಟುಂಬಗಳು ನೆಲೆ ಕಂಡವು ಎಂದು ಸಮರ್ಥನೆಗೆ ಇಳಿದೆ. ಅದೂ ನಿಜವೇ. ಆದರೆ ಎದುರಿಗೆ ಕುಳಿತವರ ನೋವಿಗೆ ಉತ್ತರವಾಗಿ ಎಸೆದ ನಿಜ ಕಲ್ಲಿನಂತೆಯೇ ಬೀಳುತ್ತದೆ. ಅವರು ತಲೆಯಾಡಿಸಿ ಕಿಟಕಿಯತ್ತ ತಿರುಗಿದರು. ಕೋಚ್ ಅಲ್ಲಿ ಒಟ್ಟು ಮೂವತ್ತೆಂಟು ನಿಮಿಷ ನಿಂತಿತ್ತೆಂದು ಟ್ರಿಪ್ ಶೀಟಿನಲ್ಲಿ ದಾಖಲಾಗಿದೆ. ಆ ಮಾತಿನ ನಂತರದ ಭಾಗ ಎಷ್ಟಿತ್ತೋ ನಾನು ಅಳೆಯಲಿಲ್ಲ. ಎಸಿಯ ಸದ್ದು ಮಾತ್ರ ಕಿವಿಯಲ್ಲಿ ಉಳಿದಿದೆ. ಶಾಂಘೈ ಊರಿನ ಹೆಸರೂ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿದ್ದು, ಅದಕ್ಕೆ ಮನುಷ್ಯರನ್ನು ಮೋಸದಿಂದಲೋ ಬಲವಂತದಿಂದಲೋ ಹಡಗಿನ ದುಡಿಮೆಗೆ ಸಾಗಿಸುವುದೆಂಬ ಅರ್ಥವಿದೆಯೆಂದು ಬಹಳ ದಿನಗಳ ಮೇಲೆ ತಿಳಿಯಿತು. ಊರಿನ ಹೆಸರು ಕ್ರಿಯಾಪದವಾಗುವುದು ಗೌರವವೆಂದು ನಾನು ಯಾವ ಆಧಾರದ ಮೇಲೆ ಭಾವಿಸಿದ್ದೆನೋ!

ಮೈಸೂರಿನಲ್ಲಿ ನನ್ನ ಇನ್ನೊಂದು ತಪ್ಪು ಹೊರಬಿತ್ತು. ‘ಮೈಸೂರು ಮಾಡುವ’ ಮಹಿಳೆ ಅರಮನೆಯ ಅಂಗಳದಲ್ಲಿ ನನ್ನ ಬಳಿ ಬಂದು, ಗೋಕುಲಂ ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಗೋಕುಲಂ ನಮ್ಮ ಪ್ರವಾಸದ ವೇಳಾಪಟ್ಟಿಯಲ್ಲಿ ಇರಲಿಲ್ಲ. ಅದೊಂದು ವಸತಿ ಬಡಾವಣೆ, ನೋಡುವಂಥದ್ದೇನೂ ಇಲ್ಲ ಎಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ಮರೆಯಲಾರೆ. ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಯೋಗಗುರು ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರದ ಮನೆಯಲ್ಲಿ ಯೋಗ ಕಲಿಸುತ್ತಿದ್ದುದು, 1964ರಲ್ಲಿ ಬೆಲ್ಜಿಯಂನ ಯೋಗಶಿಕ್ಷಕ ವಾನ್ ಲಿಸೆಬೆತ್ ಅವರನ್ನು ಹುಡುಕಿ ಬಂದದ್ದು, ಶಾಲೆ ಮುಂದೆ ಗೋಕುಲಂಗೆ ಹೋದದ್ದು, ಇದೆಲ್ಲವನ್ನೂ ಆ ಮಹಿಳೆಯೇ ನನಗೆ ಹೇಳಿದರು. ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಗೆ ತಕ್ಕಂತೆ ಅಭ್ಯಾಸ ಮಾಡುತ್ತ, ಗುರು ನಡುವೆ ಓಡಾಡುತ್ತ ತಿದ್ದುವ ಪದ್ಧತಿಗೆ ಹೊರದೇಶಗಳ ಯೋಗಶಾಲೆಗಳಲ್ಲಿ ‘ಮೈಸೂರು’ ಎಂದೇ ಹೆಸರು. ಅಲ್ಲಿ ಬೆಳಗಿನ ಆರು ಗಂಟೆಗೆ ಚಾಪೆ ಹಾಸುವವರಲ್ಲಿ ಅನೇಕರಿಗೆ ಮೈಸೂರು ಪಾಕೂ ಗೊತ್ತಿಲ್ಲ, ಜಂಬೂ ಸವಾರಿಯೂ ಗೊತ್ತಿಲ್ಲ. ಊರಿನ ಹೆಸರನ್ನು ಮಾತ್ರ ಭಕ್ತಿಯಿಂದ ಹೇಳುತ್ತಾರೆ.

ಗೋಕುಲಂಗೆ ಹೋಗಿಬರಬಹುದೇ ಎಂದು ಕೇಳಲು ಮ್ಯಾನೇಜರಿಗೆ ಫೋನ್ ಮಾಡಿದೆ. ಡೀವಿಯೇಶನ್ (ದಾರಿ ಬದಲಾವಣೆ) ಬೇಡ, ಕೋಚಿನ ಕಿಲೋಮೀಟರ್ ಲೆಕ್ಕ ತಪ್ಪುತ್ತದೆ, ಮಧ್ಯಾಹ್ನ ಎರಡು ಹೋಟೆಲುಗಳ ಸೈಟ್ ಇನ್‌ಸ್ಪೆಕ್ಷನ್ ಇದೆ ಎಂಬ ಉತ್ತರ ಬಂತು. ನಾನು ವಾದಿಸದೆ ಒಪ್ಪಿಕೊಂಡೆ. ಮರುದಿನ ಬೆಳಗಿನ ಜಾವ ಆ ಮಹಿಳೆ ಒಬ್ಬರೇ ಆಟೋ ಹತ್ತಿ ಗೋಕುಲಂಗೆ ಹೋಗಿ, ತಿಂಡಿಯ ಹೊತ್ತಿಗೆ ಹಿಂತಿರುಗಿದರು. ಅವರ ಮುಖದಲ್ಲಿದ್ದ ಬೆಳಕನ್ನು ನಾವು ತೋರಿಸಿದ ಯಾವ ಸ್ಥಳವೂ ತಂದಿರಲಿಲ್ಲ. ನನಗೆ ಇನ್ನೂ ಹೆಚ್ಚು ನೋವಾದದ್ದು ಜಗನ್ಮೋಹನ ಅರಮನೆಯ ವಿಷಯಕ್ಕೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಯೋಗಶಾಲೆ ನಡೆಸಲಾರಂಭಿಸಿದ್ದು ಅಲ್ಲೇ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಹುಡುಗನಾಗಿ ಅವರ ಬಳಿ ಕಲಿತರು. ನಾವು ಹಿಂದಿನ ಸಂಜೆಯೇ ಒಂಬತ್ತೂ ಜನರನ್ನು ಅಲ್ಲಿನ ಚಿತ್ರಶಾಲೆಗೆ ಕರೆದೊಯ್ದು, ಇದರಲ್ಲಿ ಒಂದಕ್ಷರವನ್ನೂ ಹೇಳದೆ ಹೊರಗೆ ತಂದಿದ್ದೆವು.

ಹಿಂದಿರುಗುವಾಗ ನೈಸ್ ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಹೋಟೆಲೊಂದಕ್ಕೆ ಹೋದೆವು. ಸಂಜೆಯಾಗಿತ್ತು. ಶಿಫ್ಟ್ ಮುಗಿಸಿದವರು ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡು ಬಸ್ಸಿಗಾಗಿ ಸಾಲುಗಟ್ಟಿದ್ದರು. ಶಿಕಾಗೋದ ಮಹಿಳೆ ಕೋಚಿನಿಂದಿಳಿದು ಅವರನ್ನು ಬಹಳ ಹೊತ್ತು ನೋಡಿದರು. ನಾನು ಹತ್ತಿರ ಹೋಗಿ, ಈ ಸಲ ಮೈಕಿಲ್ಲದೆ, ಕ್ಷಮೆ ಕೇಳಿದೆ. ಅವರು ಅದಕ್ಕೇನೂ ಹೇಳದೆ, ಇವರೆಲ್ಲ ಇದೇ ಊರಿನವರೇ ಎಂದು ವಿಚಾರಿಸಿದರು. ಹುಬ್ಬಳ್ಳಿ, ಕಲಬುರಗಿ, ಕೇರಳ, ಒಡಿಶಾ, ಎಲ್ಲೆಲ್ಲಿಂದಲೋ ಬಂದವರು, ಹಲವರ ತಂದೆತಾಯಿ ಊರಲ್ಲೇ ಇದ್ದಾರೆ ಎಂದೆ. ತಮ್ಮ ಪತಿ ಫೋನಿನಲ್ಲಿ ಕಲಿಸುತ್ತಿದ್ದ ಹುಡುಗರೂ ಇಷ್ಟೇ ಚಿಕ್ಕವರಿದ್ದಿರಬೇಕು ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಅಂದಿನಿಂದ ನಾನು ಮೈಕ್ ಹಿಡಿದಾಗ ಮೊದಲು ಕೇಳುತ್ತೇನೆ, ಬಂದ ಉತ್ತರದಿಂದ ನನ್ನ ಮಾತು ಆರಂಭಿಸುತ್ತೇನೆ. ಟ್ರಾಫಿಕ್ ಎಂದರೆ ಟ್ರಾಫಿಕ್ಕಿನಿಂದಲೇ. ನಮ್ಮ ಊರಿನ ಹೆಸರು ಅವರ ಮನೆಗೆ ಯಾವ ಬಾಗಿಲಿನಿಂದ ಹೋಗಿದೆಯೆಂದು ತಿಳಿಯದೆ ಕೆಂಪೇಗೌಡರನ್ನು ಮುಂದೆ ತರುವುದಿಲ್ಲ. ಕಂಪನಿ ಮಾತ್ರ ಬದಲಾಗಿಲ್ಲ. ಆ ಪ್ರವಾಸದ ಫೀಡ್‌ಬ್ಯಾಕ್ ಫಾರ್ಮುಗಳಲ್ಲಿ ಹೆಚ್ಚಿನ ಮೆಚ್ಚುಗೆ ಗಳಿಸಿದ್ದು ನಾವು ಏರ್ಪಡಿಸದಿದ್ದ ಆ ಆಟೋ ಪ್ರಯಾಣ. ಆದರೂ ಪ್ರತಿ ವರ್ಷ ಬ್ರೋಷರಿಗೆ ನಾನು ಬರೆದು ಕಳುಹಿಸುವ ಗೋಕುಲಂ–ಲಕ್ಷ್ಮೀಪುರ–ಜಗನ್ಮೋಹನ ಅರಮನೆಯ ಅರ್ಧ ದಿನದ ಸುತ್ತು ಮಾರ್ಕೆಟಿಂಗ್ ವಿಭಾಗದಿಂದ ಕೆಂಪು ಗೆರೆ ಎಳೆಸಿಕೊಂಡು ವಾಪಸ್ಸಾಗುತ್ತದೆ. ಕಳೆದ ವಾರ ಮತ್ತೆ ಕಳುಹಿಸಿದ್ದೇನೆ.